ಮಿಷನ್ನಿಗೆ ಹಚ್ಚಿದ ಕುಂಕುಮ

೧೪ ಸೆಪ್ಟೆಂಬರ್ ೧೯೬೫, ಮಂಗಳವಾರ

ಬರುತ್ತದೆ ಬರುತ್ತದೆ ಎಂದು ಬೇಸಿಗೆಯಿಂದ ಹೆದರಿಸುತ್ತಿದ್ದ ಮಿಷನ್ ಇವತ್ತು ಬಂದೇ ಬಿಟ್ಟಿತು. ದಾವಣಗೆರೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಿಂದ ಕೈಗಾಡಿಯ ಮೇಲೆ ಹೇರಿಕೊಂಡು ಹಮಾಲರು ತಳ್ಳಿಕೊಂಡು ಬಂದರು. ನಮ್ಮ ವಿಮಾ ಆಫೀಸಿನ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಬಡಗಿಯನ್ನು ಕರೆಸಿ ಹೊಸ್ತಿಲು ಸಮೇತ ಚೌಕಟ್ಟನ್ನೇ ಕೀಳಿಸಿದರು. ಜವಾನ ಕೆಂಚಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

"ಸೊಸಿ ಆದೋಳು ಸೇರು ಒದ್ದು ಒಳಗ ಬರ್ತಾಳ. ಇದು ಹೊಸ್ತಿಲಾನೇ ಒದ್ದು ಬಂತು. ಇದು ಸೊಸಿ ಅಲ್ಲ ಬಿಡ್ರಿ ತಿಮ್ಮಪ್ಪೋರೆ, ಅತ್ತಿ" ಎಂದ.

ನೋಡಲು ಟೈಪ್‌ರೈಟರಿನ ದೊಡ್ಡಣ್ಣ. ಅಕ್ಷರವಿಲ್ಲ, ಬರೀ ಅಂಕಿ. ದಪ್ಪ ಕಾರ್ಡು ತೂರಿಸಿ ಕೀಲಿ ಒತ್ತಿದರೆ ಕಾರ್ಡಿನಲ್ಲಿ ತೂತು ಬೀಳುತ್ತದೆ. ತೂತು ಬಿದ್ದ ಕಾರ್ಡುಗಳು ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತವೆ. ಅಲ್ಲಿ ಇನ್ನೊಂದು ಮಿಷನ್ ಇದೆಯಂತೆ. ಅದು ತೂತನ್ನೇ ಓದಿ ನೋಟೀಸು, ರಸೀದಿ, ಲೆಕ್ಕ ಎಲ್ಲವನ್ನೂ ಅಚ್ಚು ಹಾಕುತ್ತದಂತೆ. ಹನ್ನೆರಡು ಜನ ಗುಮಾಸ್ತರು ನಾವು ಮಾಡುತ್ತಿರುವುದು ಅದೇ ಕೆಲಸ.

ಮ್ಯಾನೇಜರರು ಎಲ್ಲರನ್ನೂ ಕರೆದು, "ನಿಮ್ಮ ಭಾರ ಇಳಿಸೋಕೆ ಬಂದಿರೋದು ಇದು. ಯಾರ ಕೆಲಸಕ್ಕೂ ಸಂಚಕಾರ ಇಲ್ಲ" ಎಂದರು. ಉಚ್ಚೆಂಗಪ್ಪ ಎದ್ದು ನಿಂತು, "ಹಂಗಂತ ಒಂದು ಕಾಗದದಾಗ ಬರ್ದು ಕೊಡ್ರಿ ಸಾರ್" ಎಂದ. ಮ್ಯಾನೇಜರರು ಗಡಿಯಾರ ನೋಡಿಕೊಂಡರು. ಉಚ್ಚೆಂಗಪ್ಪ ನಮ್ಮ ಸಂಘದ ಕಾರ್ಯದರ್ಶಿ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ, ನನ್ನ ಪಕ್ಕದ ಮೇಜೂ ಅವನದೇ.

ಈ ಡೈರಿ ಏಜೆಂಟರಿಗೆ ಹಂಚಿ ಉಳಿದದ್ದು. ಹೊಟ್ಟೆಯ ಸಂಕಟವನ್ನು ಎಲ್ಲಾದರೂ ಕಕ್ಕಬೇಕಲ್ಲ. ಹೆಂಡತಿಯ ಮುಂದೆ ಕಕ್ಕೋಣವೆಂದರೆ ಉಡಚಮ್ಮ ಬಸುರಿ, ಹೆದರುತ್ತಾಳೆ. ಅದಕ್ಕೇ ಮನೆಗೆ ಹೋಗಲು ಹರಿಹರದ ಗಾಡಿಗೆ ಕಾಯುತ್ತಾ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

೧೭ ಸೆಪ್ಟೆಂಬರ್, ಶುಕ್ರವಾರ

ಆಫೀಸಿನ ಹಿತ್ತಲಿನ ಬೇವಿನ ಮರದಡಿ ಎಲ್ಲರೂ ಸೇರಿದೆವು. ಉಚ್ಚೆಂಗಪ್ಪ ವೀಳ್ಯದೆಲೆಯಲ್ಲಿ ಉಚ್ಚಂಗಿ ಯಲ್ಲಮ್ಮನ ಭಂಡಾರದ ಅರಿಶಿನ ಕಟ್ಟಿಕೊಂಡು ಬಂದಿದ್ದ.

"ಲೆಕ್ಕ ಸಲೀಸು ಐತೆ" ಎಂದ. "ಅದರ ಮುಂದ ಕೂಡಾಕ ಒಬ್ಬ ಬೇಕು. ಒಬ್ಬ ಕುಂತ ಅಂದ್ರೆ ನಮ್ಮೊಳಗ ಆರು ಕುರ್ಚಿ ಖಾಲಿ. ಯಾರೂ ಕೂಡಲಿಲ್ಲ ಅಂದ್ರೆ ಅದು ತುಕ್ಕು ಹಿಡೀತೈತೆ, ತಂದೋರೇ ಹೊತ್ಕೊಂಡು ಹೋಗ್ತಾರ. ಅದನ್ನ ಮುಟ್ಟಾಂಗಿಲ್ಲ, ಅದರ ಮುಂದ ಕೂಡಾಂಗಿಲ್ಲ. ಆಣಿ ಮಾಡ್ರಿ."

ಒಬ್ಬೊಬ್ಬರೇ ಭಂಡಾರ ಮುಟ್ಟಿದೆವು. ಮುನಾಫ್ ಸಾಹೇಬರು ಭಂಡಾರಕ್ಕೆ ಕೈಮುಗಿದು, "ನಂದು ಹರಿಹರದ ದರ್ಗಾದ ಮ್ಯಾಲೆ" ಎಂದರು. ಪಾಪ, ಅವರದು ವರ್ಷ ವರ್ಷ ಮುಂದುವರಿಸುವ ತಾತ್ಕಾಲಿಕ ನೌಕರಿ. ಕುರ್ಚಿ ಖಾಲಿಯಾಗುವುದಾದರೆ ಮೊದಲು ಅವರದೇ. ನನ್ನ ಸರದಿ ಬಂದಾಗ ಎಷ್ಟು ಜೋರಾಗಿ ಆಣೆ ಮಾಡಿದೆನೆಂದರೆ ಮರದಡಿ ಮಲಗಿದ್ದ ನಾಯಿ ಎದ್ದು ಓಡಿತು. ಎಲ್ಲರೂ ನಕ್ಕರು. ನಗಲಿ. ಪಾಲಿಸಿ ಪತ್ರ ಬರೆಯುವವನು ನಾನು. ನನ್ನ ಅಕ್ಷರ ಚೆಂದವೆಂದು ನಮ್ಮೂರು ಹದಡಿಯಲ್ಲಿ ಒಬ್ಬರು ಪಾಲಿಸಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ್ದಾರೆ. ತೂತಿಗೆ ಯಾರಾದರೂ ಕಟ್ಟು ಹಾಕಿಸುತ್ತಾರೆಯೇ?

ಸಂಜೆ ಎಂದಿನಂತೆ ನಾನೂ ಉಚ್ಚೆಂಗಪ್ಪನೂ ಒಂದೇ ಕಾಗದದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಅವನು ಮೆಣಸಿನಕಾಯಿಯನ್ನು ಮುರಿದು ತುದಿಯನ್ನು ನನಗೆ ಕೊಟ್ಟು, ಖಾರವಿರುವ ತೊಟ್ಟಿನ ಕಡೆಯನ್ನು ತಾನು ಇಟ್ಟುಕೊಳ್ಳುತ್ತಾನೆ. ಇಷ್ಟು ವರ್ಷವಾದರೂ ಅದೇ ರೂಢಿ.

೨೬ ಸೆಪ್ಟೆಂಬರ್, ಭಾನುವಾರ

ಗುತ್ತೂರಿನಿಂದ ಉಡಚಮ್ಮನ ತಮ್ಮ ಮೈಲಪ್ಪ ಬಂದಿದ್ದ. ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ಕೆಲಸ. ನಮ್ಮ ಆಣೆಯ ಕಥೆ ಕೇಳಿ ಬಿದ್ದು ಬಿದ್ದು ನಕ್ಕ.

"ಮಿಷನ್ ಅಂದ್ರೆ ಎತ್ತು ಇದ್ದಂಗ ಭಾವ. ಹೊಡ್ಯಾಕ ಹೋದ್ರೆ ಒದೀತೈತೆ. ಮೈ ಸವರಿದ್ರೆ ದುಡೀತೈತೆ."

ಮೈ ಸವರುವ ಆ ಕೈಯಲ್ಲಿ ಒಂದು ಬೆರಳೇ ಇಲ್ಲವಲ್ಲ ಎಂದೆ. ಅವನು ಆ ಕೈಯನ್ನು ಜೇಬಿಗೆ ಇಳಿಸಿದ. ಹಾಗೆ ಅನ್ನಬಾರದಿತ್ತು. ಉಡಚಮ್ಮ ಒಳಗಿನಿಂದಲೇ ಕಣ್ಣು ಬಿಟ್ಟಳು. ಹೋಗುವಾಗ ಮೈಲಪ್ಪ ಆಯುಧಪೂಜೆಗೆ ಫ್ಯಾಕ್ಟರಿಗೆ ಬನ್ನಿ ಎಂದು ಕರೆದ. ಅಲ್ಲಿ ಒಂದೊಂದು ಲೇತಿಗೂ ಒಂದೊಂದು ಕುಂಬಳಕಾಯಿಯಂತೆ.

೪ ಅಕ್ಟೋಬರ್, ಸೋಮವಾರ. ಆಯುಧಪೂಜೆ

ರಜೆಯಾದರೂ ಪೂಜೆಗೆಂದು ಬೆಳಿಗ್ಗೆ ಎಲ್ಲರೂ ಆಫೀಸಿಗೆ ಬಂದೆವು. ಟೈಪ್‌ರೈಟರು, ಮೊಹರು, ಕತ್ತರಿ, ಸೈಕಲ್ಲು, ಕೆಂಚಣ್ಣನ ಗಂಟೆ, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ನನ್ನ ಪೆನ್ನಿಗೆ ನಾನೇ ಹಚ್ಚಿದೆ. ಮಂಗಳಾರತಿಯಾಗಿ ಇನ್ನೇನು ಕಾಯಿಚೂರು ಹಂಚಬೇಕು, ಕೆಂಚಣ್ಣ ಮಿಷನ್ನಿನ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟ.

"ಅದೊಂದು ಬೋಳಾಗಿ ಕುಂತೈತಲ್ರಿ" ಎಂದ.

"ಕುಂತಿರ್ಲಿ ಬಿಡು" ಎಂದೆ.

"ಹಂಗನಬ್ಯಾಡ್ರಿ. ಮನಿಗೆ ಬಂದ ವೈರಿಗೂ ನೀರು ಕೊಡ್ತೀವಿ. ಹಬ್ಬದ ದಿನ ಸೂರಿನ ಕೆಳಗಿನ ಆಯುಧ ಬೋಳು ಬಿಟ್ರೆ ಯಾರ ಮನಿಗೆ ಏನಾಗ್ತೈತೋ. ನಾನೇ ಹಚ್ತಿದ್ದೆ, ನಮ್ಮನ್ಯಾಗ ಸೂತಕ ಐತೆ."

ನನಗೆ ಉಡಚಮ್ಮನ ಹೊಟ್ಟೆ ನೆನಪಾಯಿತು. ಒಬ್ಬನಿಗೆ ತಾಯಿಯ ಕಾಯಿಲೆ ನೆನಪಾಗಿರಬೇಕು, ಇನ್ನೊಬ್ಬನಿಗೆ ಮಗಳ ಮದುವೆ. ಎಲ್ಲರೂ ಉಚ್ಚೆಂಗಪ್ಪನ ಮುಖ ನೋಡಿದೆವು. ಅವನು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ.

"ಕೆಲಸಕ್ಕ ಮುಟ್ಟಬಾರದು ಅಂದಿದ್ವಿ. ದೇವರ ಕಾರ್ಯಕ್ಕ ಅಲ್ಲ. ಹಚ್ಚು ತಿಮ್ಮ. ಪಾಪ, ಅದೇನು ತಪ್ಪು ಮಾಡೈತೆ" ಎಂದ.

ಮುಸುಕು ತೆಗೆದು ವಿಭೂತಿ ಬಳಿದು, ನಡುವೆ ಕುಂಕುಮವಿಟ್ಟೆ. ಚೆಂಡುಹೂವಿನ ಹಾರ ಹಾಕಿದೆ. ಬಾಗಿಲಲ್ಲಿ ಕುಂಬಳಕಾಯಿ ಒಡೆದೆ. ನಾನು ಆರತಿ ತಟ್ಟೆ ಹಿಡಿದೆ, ಉಳಿದ ಹನ್ನೊಂದು ಜನ ಸಾಲಾಗಿ ನಿಂತು ಕೈಮುಗಿದರು, ಎಲ್ಲರೂ ಕಣ್ಣು ಮುಚ್ಚಿದೆವು. ಕಣ್ಣು ಮುಚ್ಚಿದ್ದಾಗಲೇ ಫಳಕ್ಕೆಂದು ಬೆಳಕಾಯಿತು. ಮ್ಯಾನೇಜರರು ಕೆ.ಬಿ. ಬಡಾವಣೆಯಿಂದ ಫೋಟೋದವನನ್ನು ಕರೆಸಿದ್ದರು. ಹಬ್ಬದ ನೆನಪಿಗಂತೆ.

ಮನಸ್ಸಿಗೆ ಹಗುರವಾಯಿತು. ಮಿಷನ್ ಮುಟ್ಟಲು ತಣ್ಣಗಿತ್ತು. ಕೀಲಿಗಳು ಬಲು ನಯ, ಬೆರಳಿಟ್ಟರೆ ತಾವೇ ಕೆಳಗಿಳಿಯುತ್ತವೆ.

೨೦ ಅಕ್ಟೋಬರ್, ಬುಧವಾರ

ಆ ಫೋಟೋ ಬೆಂಗಳೂರಿನ ಆಫೀಸಿನ ಪತ್ರಿಕೆಯಲ್ಲಿ ಅಚ್ಚಾಗಿ ಬಂದಿದೆ. ಹಾರ ಹಾಕಿಕೊಂಡ ಮಿಷನ್, ಅದರ ಮುಂದೆ ಭಕ್ತರಂತೆ ಕೈಮುಗಿದು ನಿಂತ ನಾವು. ಎಲ್ಲರಿಗಿಂತ ಮುಂದೆ ಆರತಿ ತಟ್ಟೆ ಹಿಡಿದುಕೊಂಡು ನಾನು. ಕೆಳಗೆ, 'ದಾವಣಗೆರೆ ಶಾಖೆಯ ಸಿಬ್ಬಂದಿ ಹೊಸ ಯಂತ್ರವನ್ನು ಹೂಹಾರ ಹಾಕಿ ಹರ್ಷದಿಂದ ಬರಮಾಡಿಕೊಂಡರು' ಎಂದು ಬರೆದಿದೆ.

ಎಲ್ಲ ಊರುಗಳಿಗೂ ಅದು ಹೋಗಿದೆ. ಧಾರವಾಡದ ಸಂಘದವರು, ನೀವೇ ಆರತಿ ಎತ್ತಿದ ಮೇಲೆ ನಾವು ಯಾವ ಮುಖ ಹೊತ್ತು ಹೋರಾಡುವುದು ಎಂದು ಕಾಗದ ಹಾಕಿದ್ದಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಮ್ಮದು ಚಿಟಿಕೆ ಕುಂಕುಮಕ್ಕೆ ಹೋಯಿತು.

ನಾನು ಅಳುವ ಹಾಗಿದ್ದೆ. ಉಚ್ಚೆಂಗಪ್ಪನೇ ಸಮಾಧಾನ ಮಾಡಿದ. "ಹಚ್ಚು ಅಂದೋನು ನಾನು. ನೀನು ಯಾಕ ಅಳ್ತೀಯಾ. ಆಣಿ ಇನ್ನೂ ಐತಲ್ಲ. ಯಾರೂ ಕುಂತಿಲ್ಲ, ಯಾರೂ ಕೂಡಾಂಗಿಲ್ಲ." ಮಂಡಕ್ಕಿ ಕೊಡಿಸಿದ. ತುದಿ ನನಗೆ.

೮ ನವೆಂಬರ್, ಸೋಮವಾರ

ಮ್ಯಾನೇಜರರು ಒಳಗೆ ಕರೆದರು. ಫೋಟೋ ನೋಡಿ ಬೆಂಗಳೂರಿನವರು ನನ್ನ ಹೆಸರನ್ನೇ ಹಿಡಿದಿದ್ದಾರಂತೆ. ಹೊಸ ವರ್ಷಕ್ಕೆ ತರಬೇತಿಗೆ ಹೋಗಬೇಕು. ಬಂದ ಮೇಲೆ ಆಪರೇಟರ್ ಎಂಬ ಹುದ್ದೆ, ಕೋಣೆಗೆ ಫ್ಯಾನು.

"ಬಲವಂತ ಇಲ್ಲ ತಿಮ್ಮಪ್ಪ" ಎಂದರು. "ಆದರೆ ಗುಲ್ಬರ್ಗ ಶಾಖೆಗೆ ಜನ ಬೇಕು ಅಂತಿದ್ದಾರೆ. ಯಾರನ್ನು ಕಳಿಸೋದು ಅಂತ ನಾನೂ ಯೋಚನೆ ಮಾಡ್ತಿದ್ದೇನೆ. ನಿಮ್ಮ ಮನೆಯವರಿಗೆ ಎಷ್ಟು ತಿಂಗಳು?"

ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ. ಎಂದರೆ, ಯೋಚನೆ ಮಾಡಿ ಹೇಳುತ್ತೇನೆ ಸಾರ್ ಎಂದೆ. ಅದರ ಅರ್ಥ ಆಗುವುದಿಲ್ಲ ಎಂದೇ ಅಲ್ಲವೇ. ಅವರಿಗೂ ತಿಳಿದಿರುತ್ತದೆ.

ಉಚ್ಚೆಂಗಪ್ಪನಿಗೆ ಇನ್ನೂ ಹೇಳಿಲ್ಲ. ಸುಮ್ಮನೆ ಅವನ ತಲೆ ಯಾಕೆ ಕೆಡಿಸುವುದು.

೨ ಡಿಸೆಂಬರ್, ಗುರುವಾರ

ಗಂಡು ಮಗು. ಉಡಚಮ್ಮ ಬಹಳ ಸೋತಿದ್ದಾಳೆ. ಹದಡಿಯಿಂದ ಅವ್ವ ಬಂದಿದ್ದಾಳೆ. ಉಚ್ಚೆಂಗಪ್ಪ ಬೆಲ್ಲ, ಕೊಬ್ಬರಿ, ಅಂಟು ಹೊತ್ತುಕೊಂಡು ಹರಿಹರಕ್ಕೆ ಬಂದ. ಮಗುವನ್ನು ಎತ್ತಿಕೊಂಡು, "ನಿಮ್ಮಪ್ಪನ ಅಕ್ಷರ ಬರ್ಲಿ ನಿನಗ" ಎಂದ.

ಈ ಕೂಸನ್ನು ಕಟ್ಟಿಕೊಂಡು ಗುಲ್ಬರ್ಗದ ಬಿಸಿಲಿಗೆ ಹೋಗುವುದು ಆಗದ ಮಾತು.

೧೭ ಜನವರಿ ೧೯೬೬, ಸೋಮವಾರ. ಬೆಂಗಳೂರು

ಹಳೆಯ ಡೈರಿಯಲ್ಲೇ ಉಳಿದ ಹಾಳೆಗಳಿವೆ.

ಕೂರುವುದಿಲ್ಲ ಎಂದು ಆಣೆ ಮಾಡಿದ್ದು ನಿಜ. ಕಲಿಯುವುದಿಲ್ಲ ಎಂದು ಯಾರೂ ಮಾಡಿರಲಿಲ್ಲ. ಕಲಿತರೆ ಆ ಮಿಷನ್ನಿನ ಬಂಡವಾಳ ತಿಳಿಯುತ್ತದೆ, ನಾಳೆ ವಾದ ಮಾಡಲು ಸಂಘಕ್ಕೂ ಒಳ್ಳೆಯದು. ಉಚ್ಚೆಂಗಪ್ಪನಿಗೆ ಹೀಗೇ ಹೇಳಿದೆ. ಅವನು ಕೇಳಿಸಿಕೊಂಡು ತನ್ನ ಕಡತಕ್ಕೆ ತಲೆ ಬಗ್ಗಿಸಿದ. ಸ್ಟೇಷನ್ನಿಗೂ ಬರಲಿಲ್ಲ. ಕೆಲಸವಿತ್ತೇನೋ.

ಇಲ್ಲಿ ಮೇಷ್ಟ್ರು ನನ್ನ ಬೆರಳು ಹೊಗಳಿದರು. ಅಂಕಿ ನೋಡಬೇಕಂತೆ, ಓದಬಾರದಂತೆ. ಓದಿದರೆ ಕೈ ನಿಧಾನವಾಗುತ್ತದೆ.

೧೪ ಫೆಬ್ರವರಿ, ಸೋಮವಾರ

ಇವತ್ತಿನಿಂದ ಮಿಷನ್ ಶುರು. ನಾನು ಕೂರಲಿಲ್ಲ. ಕುರ್ಚಿಯನ್ನು ಕೆಂಚಣ್ಣನ ಕೈಯಿಂದ ಹೊರಗೆ ಹಾಕಿಸಿ ದಿನವೆಲ್ಲ ನಿಂತೇ ಕಾರ್ಡು ಹೊಡೆದೆ. ಆಣೆ ಆಣೆಯೇ. ಬಾಗಿಲ ಪರದೆ ಸರಿಸಿ ಇಟ್ಟಿದ್ದೆ, ಎಲ್ಲರಿಗೂ ಕಾಣಲಿ ಎಂದು. ಯಾರೂ ಈ ಕಡೆ ನೋಡಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಉಚ್ಚೆಂಗಪ್ಪ ಮುನಾಫ್ ಸಾಹೇಬರ ಜೊತೆ ಹಿತ್ತಲಿಗೆ ಹೋಗಿದ್ದ. ಸಂಜೆ ಒಬ್ಬನೇ ಮಂಡಕ್ಕಿ ತಿಂದೆ. ಒಂದಿಡೀ ಮೆಣಸಿನಕಾಯಿ ತಿನ್ನುವ ಅಭ್ಯಾಸವಿಲ್ಲ. ತೊಟ್ಟಿನ ಕಡೆ ಬಹಳ ಖಾರ, ಕಣ್ಣಲ್ಲಿ ನೀರು ಬಂತು.

೩ ಮಾರ್ಚ್, ಗುರುವಾರ

ಕೆಲಸ ಜಾಸ್ತಿ. ಕಾಲು ಊದಿತ್ತು. ಕುರ್ಚಿ ತರಿಸಿಕೊಂಡೆ. ಫ್ಯಾನು ಒಳ್ಳೆಯದಿದೆ.

೨೯ ಏಪ್ರಿಲ್, ಶುಕ್ರವಾರ

ಆರ್ಡರ್ ಬಂತು. ಮುನಾಫ್ ಸಾಹೇಬರದೂ ಸೇರಿ ಐದು ತಾತ್ಕಾಲಿಕ ನೌಕರಿಗಳು ಮುಂದುವರಿಯುವುದಿಲ್ಲ. ಆರನೆಯದು ಉಚ್ಚೆಂಗಪ್ಪ, ಗುಲ್ಬರ್ಗಕ್ಕೆ ವರ್ಗ.

ಮುನಾಫ್ ಸಾಹೇಬರು ಎಲ್ಲರಿಗೂ ಸಲಾಂ ಹೇಳಿ ನನ್ನ ಕೋಣೆಗೂ ಬಂದರು. "ತಿಮ್ಮಪ್ಪ, ಫ್ಯಾಕ್ಟರಿ ಕಡೆ ಏನಾದ್ರೂ ಐತೇನು, ನಿಮ್ಮ ಬಾಮೈದಗ ಒಂದು ಮಾತು ಕೇಳ್ರಿ. ಮೂರು ಹೆಣ್ಣುಮಕ್ಕಳು ಅವ ನನಗ" ಎಂದರು. ಕೇಳುತ್ತೇನೆ ಎಂದೆ. ಮಾತಾಡುತ್ತಾ ಒಂದು ಕಾರ್ಡು ತಪ್ಪಾಯಿತು, ಮತ್ತೆ ಹೊಡೆಯಬೇಕಾಯಿತು.

ನಾನಲ್ಲದಿದ್ದರೆ ಇನ್ನೊಬ್ಬ ಕೂರುತ್ತಿದ್ದ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

೧೨ ಮೇ, ಗುರುವಾರ

ಉಚ್ಚೆಂಗಪ್ಪ ಹೊರಟ. ಹೋಗಬಾರದೆಂದಿದ್ದೆ, ಆದರೂ ಸ್ಟೇಷನ್ನಿಗೆ ಹೋದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಹೆಂಡತಿಗೆ ಕೆಮ್ಮು, ಅವಳನ್ನು ಕರೆದುಕೊಂಡು ಹೋಗುವಂತಿಲ್ಲ. ಒಬ್ಬನೇ ಹೊರಟಿದ್ದ. ತಿಂಗಳುಗಳ ನಂತರ ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೆ. ತೆಳ್ಳಗಾಗಿದ್ದಾನೆ.

"ನಿನ್ನ ಮ್ಯಾಲ ಸಿಟ್ಟಿಲ್ಲೋ ತಿಮ್ಮ" ಎಂದ. "ಕುಂಕುಮ ಹಚ್ಚಿಸಿದೋನು ನಾನು. ಒಂದು ಕೇಳ್ತೀನಿ, ಹೇಳು. ನಿಂತ್ಕೊಂಡು ಹೊಡೀತಿದ್ದೆಲ್ಲ, ಅದನ್ನ ನೋಡಿದ್ದೆ ನಾನು. ಇನ್ನೂ ನಮ್ಮೋನೇ ಅದಾನ ಅಂದ್ಕಂಡಿದ್ದೆ. ನೀನು ಕುಂತಿದ್ದು ಯಾವತ್ತು?"

ನೆನಪಾಗಲಿಲ್ಲ. "ಕಾಲು ಊದಿತ್ತಣ್ಣ" ಎಂದೆ.

ಅವನು ನಕ್ಕ. ಅಂಥ ನಗು ಅವನ ಮುಖದ ಮೇಲೆ ನಾನು ಕಂಡಿರಲಿಲ್ಲ. ಗಾಡಿ ಬಂತು. ಟ್ರಂಕಿಗೆ ಕೈ ಹಾಕಿದೆ, "ಬ್ಯಾಡ ಬಿಡು, ಕೈ ನೊಂದಾವು" ಎಂದು ತಾನೇ ಎತ್ತಿಕೊಂಡ.

ದುಃಖವಾಗುತ್ತಿದೆ. ಬರೆಯಲು ಹೋದರೆ ಅಕ್ಷರ ಬಿಡಿ ಬಿಡಿಯಾಗಿ ಬರುತ್ತಿದೆ.

೬ ಜುಲೈ

ಮಳೆ. ಕಾರ್ಡು ಒದ್ದೆಯಾಗದಂತೆ ನೋಡಿಕೊಳ್ಳಬೇಕು.

೧೯ ಜುಲೈ

ಹದಡಿಯಿಂದ ಒಬ್ಬ ಬಂದು ಕಿಟಕಿಯ ಹತ್ತಿರ ನಿಂತ. ತಲೆಯೆತ್ತದೆ ಪಾಲಿಸಿ ನಂಬರು ಕೇಳಿದೆ. ಮತ್ತೆ ಕೇಳಿದೆ. "ನಾನೋ ಸಣ್ಣತಿಮ್ಮ, ಹಾಲೇಶ" ಎಂದ. ದೊಡ್ಡಪ್ಪನ ಮಗ. ಊರಲ್ಲಿ ನನ್ನನ್ನು ಸಣ್ಣತಿಮ್ಮ ಎಂದೇ ಕರೆಯುವುದು. ನಂಬರು ತಂದಿರಲಿಲ್ಲ. ತೆಗೆದುಕೊಂಡು ಬಾ ಎಂದು ಕಳಿಸಿದೆ.

೨೩ ಆಗಸ್ಟ್

ಮುನಾಫ್ ಹರಿಹರದ ಸಂತೆಯಲ್ಲಿ ಬಳೆ ಮಾರುತ್ತಿದ್ದರು ಎಂದು ಉಡಚಮ್ಮ ಹೇಳಿದಳು. ಆಗಲೇ ನೆನಪಾಯಿತು, ಮೈಲಪ್ಪನನ್ನು ಕೇಳುವುದು ಮರೆತೇ ಹೋಗಿತ್ತು.

"ನೀವು ಇತ್ತಿತ್ಲಾಗ ಮಗನ್ನ ಎತ್ಕೊಂಡು ಆಡ್ಸೋದಿಲ್ಲ, ಅವನ ಬೆನ್ನ ಮ್ಯಾಲ ಬೆರಳು ಕುಟ್ತೀರಿ" ಎಂದಳು. ನನಗೆ ಹಾಗೇನೂ ಕಂಡಿಲ್ಲ.

೨೭ ಸೆಪ್ಟೆಂಬರ್

ಬೆಂಗಳೂರಿಗೆ ಇನ್ನೂ ದೊಡ್ಡ ಮಿಷನ್ ಬರುತ್ತದಂತೆ. ಆಮೇಲೆ ಕಾರ್ಡು ಹೊಡೆಯುವುದೂ ಅಲ್ಲೇ. ಇಲ್ಲಿಂದ ಕಾಗದ ಕಳಿಸಿದರೆ ಸಾಕು.

"ನಿಮಗೇನೂ ತೊಂದರೆ ಇಲ್ಲ ತಿಮ್ಮಪ್ಪ" ಎಂದರು ಮ್ಯಾನೇಜರರು.

ಹಾಗಂತ ಬರೆದು ಕೊಡಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಪಕ್ಕಕ್ಕೆ ತಿರುಗಿ ನೋಡಿದೆ, ಅಲ್ಲಿ ಖಾಲಿ ಮೇಜುಗಳಿದ್ದವು. ಸರಿ ಸಾರ್ ಎಂದೆ.

೨೧ ಅಕ್ಟೋಬರ್, ಶುಕ್ರವಾರ

ನಾಳೆ ಆಯುಧಪೂಜೆ. ಈ ಸಲ ಪೂಜೆಯನ್ನು ಇವತ್ತು ಸಂಜೆಯೇ ಮುಗಿಸಿದರು. ಉಳಿದ ಆರು ಜನರಲ್ಲಿ ಇಬ್ಬರು ಮೊದಲೇ ಮನೆಗೆ ಹೋಗಿದ್ದರು. ಫೋಟೋದವನನ್ನು ಯಾರೂ ಕರೆದಿರಲಿಲ್ಲ.

ಹೋದ ವರ್ಷದ ವಿಭೂತಿ ಪುಡಿ ಕೀಲಿಗಳ ಸಂದಿಗೆ ಹೋಗಿ, ತೆಗೆಸುವಷ್ಟರಲ್ಲಿ ಸಾಕಾಗಿತ್ತು. ಅದಕ್ಕೇ, ಯಂತ್ರಕ್ಕೆ ವಿಭೂತಿ, ಕುಂಕುಮ ಹಚ್ಚಬಾರದು, ಹೂವು ಏರಿಸಬಾರದು ಎಂದು ನಾನೇ ಬರೆದು ಬಾಗಿಲಿಗೆ ಅಂಟಿಸಿದ್ದೆ. ಓದಲು ಬಾರದ ಕೆಂಚಣ್ಣ ತಟ್ಟೆ ಹಿಡಿದುಕೊಂಡು ಬಂದೇಬಿಟ್ಟ. ಮುಂದಿನ ತಿಂಗಳು ಅವನಿಗೂ ನಿವೃತ್ತಿ.

"ಬ್ಯಾಡ ಕೆಂಚಣ್ಣ. ಪುಡಿ ಒಳಗ ಹೋಗ್ತೈತೆ" ಎಂದೆ.

"ಒಂಚೂರು ಹಚ್ತೀನ್ರಿ, ಮ್ಯಾಲೆ ಮ್ಯಾಲೆ. ಹಬ್ಬದ ದಿನ ಬೋಳು ಬಿಡಬಾರದು."

"ಬ್ಯಾಡ ಅಂದ್ನಲ್ಲ."

ಅವನು ಬಾಗಿಲಲ್ಲೇ ನಿಂತ. ಮಿಷನ್ ನೋಡಿದ, ನನ್ನನ್ನು ನೋಡಿದ. ನಾನು ಕೆಲಸ ನಿಲ್ಲಿಸಿರಲಿಲ್ಲ, ಹಬ್ಬದ ಮೊದಲೇ ಪಾರ್ಸಲ್ ಹೋಗಬೇಕಿತ್ತು. ಆಮೇಲೆ ಒಳಗೆ ಬಂದು ತಟ್ಟೆಯನ್ನು ಮೇಜಿನ ಮೇಲಿಟ್ಟು, "ಹಂಗಾದ್ರೆ ಕೈ ಕೊಡ್ರಿ" ಎಂದ.

ಪ್ರಸಾದ ಕೊಡುತ್ತಾನೆಂದು ಕೈ ಚಾಚಿದೆ. ಅವನು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ತಿರುವಿ, ಹಿಂಗೈಗೆ ಮೂರು ಬೆರಳಿನಿಂದ ವಿಭೂತಿ ಎಳೆದ. ನಡುವೆ ಕುಂಕುಮವಿಟ್ಟ. ಒಂದು ಚೆಂಡುಹೂವು ಇಟ್ಟ. ಕರ್ಪೂರ ಹಚ್ಚಿ ಬೆಳಗಿ, ಟೈಪ್‌ರೈಟರಿಗೆ ಮುಗಿಯುವ ಹಾಗೆ ಕಣ್ಣು ಮುಚ್ಚಿ ಕೈಮುಗಿದ. ತಮಾಷೆಗೆ ಮಾಡುವವನಲ್ಲ ಅವನು. ಬಹಳ ಭಕ್ತಿಯಿಂದ ಮಾಡಿದ.

ಅವನು ಹೋಗುವವರೆಗೆ ಕೈ ಹಾಗೆಯೇ ಚಾಚಿಕೊಂಡಿದ್ದೆ.

ಆಮೇಲೆ ನಲ್ಲಿಗೆ ಹೋಗಿ ಕೈ ತೊಳೆದೆ. ಕುಂಕುಮ ಬೇಗ ಹೋಗುವುದಿಲ್ಲ, ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಚೆನ್ನಾಗಿ ಉಜ್ಜಿದೆ. ಕಾರ್ಡಿಗೆ ಕಲೆಯಾದರೆ ಬೆಂಗಳೂರಿನವರು ವಾಪಸ್ ಕಳಿಸುತ್ತಾರೆ.